ವಕೀಲರ ಗೈರುಹಾಜರಿಯಿಂದ ಮೇಲ್ಮನವಿ ವಜಾ ಆದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಸಿವಿಲ್ ವಕೀಲಿ ನಡೆಸುವವರ ಕಚೇರಿಗೆ ವರ್ಷದಲ್ಲಿ ನಾಲ್ಕಾರು ಬಾರಿಯಾದರೂ ಒಂದೇ ಮಾತು ಹೊತ್ತುಕೊಂಡು ಜನ ಬರುತ್ತಾರೆ: "ನಮ್ಮ ಅಪೀಲು ಹೋಗಿದೆಯಂತೆ, ನಮಗೆ ಗೊತ್ತೇ ಇರಲಿಲ್ಲ." ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಕೆಳ ನ್ಯಾಯಾಲಯದ ತೀರ್ಪಿನ ನಕಲು, ಒಂದು ಆರ್‌ಟಿಸಿ, ಹಳೆಯ ವಕೀಲರ ವಿಸಿಟಿಂಗ್ ಕಾರ್ಡು. ಅಪೀಲಿನ ನಂಬರು ಮಾತ್ರ ಇರುವುದಿಲ್ಲ. ಅವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಇವು ಮುಖ್ಯವಾಗಿ ಸಿವಿಲ್ ಮೇಲ್ಮನವಿಗಳಿಗೆ ಅನ್ವಯಿಸುತ್ತವೆ. ಕ್ರಿಮಿನಲ್ ಪ್ರಕರಣಗಳ ನಿಯಮ ಬೇರೆಯಾದ್ದರಿಂದ ಅದನ್ನು ಪ್ರತ್ಯೇಕವಾಗಿ ಹೇಳಿದೆ.

ಅಪೀಲು "ಹೋಗಿದೆ" ಎಂದರೆ ಸರಿಯಾಗಿ ಏನಾಗಿದೆ?

ಮೊದಲು ತಿಳಿಯಬೇಕಾದದ್ದು ಇದನ್ನೇ, ಏಕೆಂದರೆ ಹೋದ ದಾರಿ ಯಾವುದೋ ಅದರ ಮೇಲೆ ಮರಳುವ ದಾರಿ ನಿಂತಿದೆ. ವಿಚಾರಣೆಗೆ ಕರೆದಾಗ ಮೇಲ್ಮನವಿದಾರನ ಪರವಾಗಿ ಯಾರೂ ಹಾಜರಾಗದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41 (ಇಲ್ಲಿ "ಆದೇಶ" ಎಂದರೆ ಸಂಹಿತೆಯ ಒಂದು ಅಧ್ಯಾಯ), ನಿಯಮ 17ರ ಅಡಿ ಅದನ್ನು ಗೈರುಹಾಜರಿಗಾಗಿ ವಜಾ ಮಾಡಬಹುದು. ಆಗ ಅದೇ ಆದೇಶದ ನಿಯಮ 19ರ ಅಡಿ ಮರುದಾಖಲು ಅರ್ಜಿ, ಅಂದರೆ ಅಪೀಲನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳಿ ಎಂಬ ಅರ್ಜಿ, ಹಾಕಬೇಕು. ಹೈಕೋರ್ಟಿನಲ್ಲಿ ಇದಕ್ಕಿಂತಲೂ ಸಪ್ಪೆಯಾದ ಒಂದು ಬಗೆಯಿದೆ. ಅಪೀಲು ಸಲ್ಲಿಸಿದ ಮೇಲೆ ಕಚೇರಿಯವರು ಆಕ್ಷೇಪಣೆಗಳನ್ನು ಬರೆದಿರುತ್ತಾರೆ: ನಕಲು ಸ್ಪಷ್ಟವಿಲ್ಲ, ಕೋರ್ಟ್ ಫೀ ಕಡಿಮೆಯಿದೆ, ಎದುರುದಾರರ ವಿಳಾಸ ಪೂರ್ತಿಯಿಲ್ಲ. ಇವನ್ನು ಸರಿಪಡಿಸದೆ ತಿಂಗಳುಗಳು ಕಳೆದರೆ ನ್ಯಾಯಾಲಯ ಕೊನೆಯ ಅವಕಾಶ ಕೊಡುತ್ತದೆ. ಆ ಗಡುವೂ ದಾಟಿದರೆ ನ್ಯಾಯಮೂರ್ತಿಗಳು ವಾದದ ಒಂದು ಮಾತನ್ನೂ ಕೇಳುವ ಮೊದಲೇ ಅಪೀಲು ವಜಾ ಆಗುತ್ತದೆ. ಮೂರನೆಯದು ಪಕ್ಷಕಾರರೊಬ್ಬರು ತೀರಿಕೊಂಡ ಮೇಲೆ 90 ದಿನಗಳೊಳಗೆ ವಾರಸುದಾರರನ್ನು ಸೇರಿಸದೆ ಅಪೀಲು ಬಿದ್ದುಹೋಗುವುದು. ಆ ಬಿದ್ದುಹೋಗುವಿಕೆಯನ್ನು ರದ್ದುಪಡಿಸಲು ಇನ್ನು 60 ದಿನಗಳಿವೆ. ಕುಟುಂಬದ ಪಾಲಿನ ದಾವೆಗಳಲ್ಲಿ, ಅದರಲ್ಲೂ ಹೆಣ್ಣಿನ ಕಡೆಯಿಂದ ಆಸ್ತಿ ಸಾಗುವ ಅಳಿಯಸಂತಾನದ ಹಳೆಯ ಕುಟುಂಬಗಳ ದಾವೆಗಳಲ್ಲಿ, ಎದುರುದಾರರೇ ಮೂವತ್ತು ನಲ್ವತ್ತು ಮಂದಿ ಇರುವುದರಿಂದ ಈ ಮೂರನೆಯದು ಹೊರಗಿನವರು ಊಹಿಸುವುದಕ್ಕಿಂತ ಹೆಚ್ಚು.

ಈ ಮೂರರಲ್ಲಿ ಯಾವುದು ಎಂದು ಆದೇಶದ ಪ್ರತಿಯನ್ನು ಓದಿಯೇ ತಿಳಿಯಬೇಕು. "ಡಿಸ್ಮಿಸ್ ಆಗಿದೆ" ಎಂಬ ಫೋನ್ ಮಾತನ್ನು ನಂಬಿ ಅರ್ಜಿ ಬರೆಯಲಾಗದು.

ವಕೀಲರು ಬಾರದ ದಿನ ನ್ಯಾಯಾಲಯ ನನ್ನ ವಿರುದ್ಧ ತೀರ್ಪನ್ನೇ ಕೊಟ್ಟುಬಿಡಬಹುದೇ?

ಸಿವಿಲ್ ಮೇಲ್ಮನವಿಯಲ್ಲಿ ಕೊಡುವಂತಿಲ್ಲ. 1976ರ ತಿದ್ದುಪಡಿಯ ಮೂಲಕ ನಿಯಮ 17ಕ್ಕೆ ಸೇರಿಸಿದ ವಿವರಣೆಯು, ಮೇಲ್ಮನವಿದಾರ ಗೈರಾಗಿದ್ದಾಗ ಗುಣಾವಗುಣಗಳ ಮೇಲೆ (ಅಂದರೆ ವಿವಾದದ ಸರಿತಪ್ಪನ್ನು ತೂಗಿ) ಅಪೀಲನ್ನು ವಜಾ ಮಾಡುವ ಅಧಿಕಾರ ನ್ಯಾಯಾಲಯಕ್ಕಿಲ್ಲ ಎನ್ನುತ್ತದೆ. ನಿಮ್ಮ ಆದೇಶದಲ್ಲಿ "ವಕೀಲರು ಹಾಜರಿಲ್ಲ, ದಾಖಲೆಗಳನ್ನು ಪರಿಶೀಲಿಸಿದೆ, ಕೆಳ ನ್ಯಾಯಾಲಯದ ತೀರ್ಪಿನಲ್ಲಿ ತಪ್ಪು ಕಾಣುವುದಿಲ್ಲ" ಎಂಬ ಧಾಟಿ ಇದ್ದರೆ ಅದನ್ನು ಹೊಸ ವಕೀಲರಿಗೆ ಮೊದಲು ತೋರಿಸಿ. ಅದು ನಿಮಗೆ ಬಲವಾದ ಆಧಾರ.

ತಪ್ಪು ವಕೀಲರದ್ದು. ಶಿಕ್ಷೆ ನನಗೇಕೆ?

ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟು ತಾನೇ ಕೇಳಿಕೊಂಡಿದೆ, ಕಕ್ಷಿದಾರನ ಪರವಾಗಿಯೇ ಉತ್ತರಿಸಿದೆ. 1981ರ ರಫೀಕ್ ವಿರುದ್ಧ ಮುನ್ಶಿಲಾಲ್ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟಿನಲ್ಲಿದ್ದ ಅಪೀಲು ವಕೀಲರು ಬಾರದ್ದರಿಂದ ವಜಾ ಆಗಿತ್ತು. ಹಳ್ಳಿಯಲ್ಲಿರುವ ಕಕ್ಷಿದಾರ ವಕೀಲರನ್ನು ಗೊತ್ತುಮಾಡಿ, ಶುಲ್ಕ ಕೊಟ್ಟು, ಕೇಳಿದ ಮಾಹಿತಿಯನ್ನೆಲ್ಲ ಒದಗಿಸಿದ ಮೇಲೆ ಹೈಕೋರ್ಟಿಗೆ ಹೋಗಿ ತನ್ನ ವಕೀಲರು ಬಂದಿದ್ದಾರೋ ಇಲ್ಲವೋ ಎಂದು ಕಾವಲು ಕಾಯಬೇಕಾಗಿಲ್ಲ ಎಂದ ನ್ಯಾಯಾಲಯ ಅಪೀಲನ್ನು ಮರಳಿ ವಿಚಾರಣೆಗೆ ಕಳುಹಿಸಿತು. ಖರ್ಚಿನ 200 ರೂಪಾಯಿಯನ್ನು ಗೈರಾದ ವಕೀಲರಿಂದಲೇ ವಸೂಲು ಮಾಡಬೇಕೆಂದಿತು. ಇಂದಿಗೂ ಪ್ರತಿಯೊಂದು ಮರುದಾಖಲು ಅರ್ಜಿಯಲ್ಲಿ ಈ ತೀರ್ಪಿನ ಹೆಸರು ಇದ್ದೇ ಇರುತ್ತದೆ.

ಆದರೆ ಆ ತೀರ್ಪನ್ನು ಉಲ್ಲೇಖಿಸುವವರಲ್ಲಿ ಹೆಚ್ಚಿನವರು ಅದರ ಫಲವನ್ನಷ್ಟೇ ನೆನಪಿಟ್ಟುಕೊಂಡಿದ್ದಾರೆ ಎಂಬುದು ನನ್ನ ಅನುಭವ. ತನ್ನ ಕೈಲಾದದ್ದನ್ನೆಲ್ಲ ಮಾಡಿದ ಕಕ್ಷಿದಾರ ಎಂಬ ಷರತ್ತು ಅವರಿಗೆ ಮರೆತುಹೋಗಿದೆ. 1993ರ ಸಲಿಲ್ ದತ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನೇ ಎತ್ತಿ ಹಿಡಿಯಿತು. ಅಲ್ಲಿ ಪ್ರತಿವಾದಿ ಕಲ್ಕತ್ತದ ಒಂದು ಖಾಸಗಿ ಕಂಪನಿ. ವಕೀಲರ ಸಲಹೆಯಂತೆ ಹಾಜರಾಗಲಿಲ್ಲ ಎಂಬುದು ಅವರ ವಾದ. ವಕೀಲರು ಕಕ್ಷಿದಾರನ ಪ್ರತಿನಿಧಿ, ವಕಾಲತ್ತಿನ ಮಿತಿಯೊಳಗೆ ಅವರು ಮಾಡಿದ್ದು ಕಕ್ಷಿದಾರನೇ ಮಾಡಿದಂತೆ; ವಕೀಲರ ತಪ್ಪಿಗೆ ಕಕ್ಷಿದಾರ ಎಂದೂ ಹೊಣೆಯಲ್ಲ ಎಂಬ ಸಾರ್ವತ್ರಿಕ ನಿಯಮವಿಲ್ಲ; ಓದುಬರಹವಿಲ್ಲದ ಹಳ್ಳಿಯವನಿಗೂ ಅದೇ ಊರಿನಲ್ಲಿ ಕಚೇರಿಯಿರುವ ಕಂಪನಿಗೂ ಒಂದೇ ಅಳತೆ ಸಲ್ಲದು ಎಂದು ನ್ಯಾಯಾಲಯ ಹೇಳಿತು. 2024ರ ನವೆಂಬರ್‌ನಲ್ಲಿ ರಜನೀಶ್ ಕುಮಾರ್ ವಿರುದ್ಧ ವೇದ ಪ್ರಕಾಶ್ ಪ್ರಕರಣದಲ್ಲಿ ಇನ್ನೂ ನೇರವಾಗಿ, ಎಲ್ಲ ಹೊರೆಯನ್ನೂ ವಕೀಲರ ತಲೆಗೆ ಕಟ್ಟಿ ಕಕ್ಷಿದಾರ ಕೈತೊಳೆದುಕೊಳ್ಳುವಂತಿಲ್ಲ, ತನ್ನ ಹಕ್ಕಿನ ಬಗ್ಗೆ ಅವನೂ ಎಚ್ಚರವಿರಬೇಕು ಎಂದಿತು.

ಹೀಗಾಗಿ ತಪ್ಪು ವಕೀಲರದ್ದೆಂದು ಸಾಬೀತುಮಾಡಿದರೆ ಅರ್ಧ ದಾರಿ ಬಂದಂತೆ, ಅಷ್ಟೆ. ಉಳಿದರ್ಧ ಮುಂದಿನ ಉತ್ತರದಲ್ಲಿದೆ.

ವಕೀಲರು ಬರಲಿಲ್ಲ ಎಂದು ಆದೇಶದಲ್ಲೇ ಬರೆದಿದೆ. ಆದರೂ ಮರುದಾಖಲು ಅರ್ಜಿ ಏಕೆ ತಿರಸ್ಕೃತವಾಯಿತು?

ನ್ಯಾಯಾಲಯ ಕೇಳುವುದು "ಆ ದಿನ ಏಕೆ ಬರಲಿಲ್ಲ" ಎಂದು ಮಾತ್ರವಲ್ಲ. "ಆ ದಿನದಿಂದ ಇವತ್ತಿನವರೆಗೆ ನೀವು ಏನು ಮಾಡುತ್ತಿದ್ದಿರಿ" ಎಂದೂ ಕೇಳುತ್ತದೆ. ತಿರಸ್ಕೃತವಾದ ಅರ್ಜಿಗಳಲ್ಲಿ ಬಹುಪಾಲು ಸೋಲುವುದು ಈ ಎರಡನೆಯ ಪ್ರಶ್ನೆಯಲ್ಲಿ.

ಕಣ್ಣಿಗೆ ಕಟ್ಟುವಂತೆ ಹೇಳುವುದಾದರೆ, ಎರಡು ಅಫಿಡವಿಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಹೀಗಿದೆ: "ನಮ್ಮ ವಕೀಲರು ಸದರಿ ದಿನ ಹಾಜರಾಗಲು ಸಾಧ್ಯವಾಗಿರುವುದಿಲ್ಲ. ವಜಾ ಆದ ವಿಷಯವನ್ನು ನಮಗೆ ತಿಳಿಸಿರುವುದಿಲ್ಲ. ಇತ್ತೀಚೆಗೆ ತಿಳಿದುಬಂದ ಕೂಡಲೇ ಅರ್ಜಿ ಸಲ್ಲಿಸಿರುತ್ತೇವೆ. ವಿಳಂಬವು ಉದ್ದೇಶಪೂರ್ವಕವಲ್ಲ." ಇದರಲ್ಲಿ ಒಂದು ದಿನಾಂಕವೂ ಇಲ್ಲ. "ಇತ್ತೀಚೆಗೆ" ಎಂದರೆ ಯಾವಾಗ, ತಿಳಿಸಿದವರು ಯಾರು, ಅದಕ್ಕೆ ಮುನ್ನ ವಿಚಾರಿಸಿದ್ದು ಎಂದು, ಒಂದೂ ಇಲ್ಲ. ಇಂಥ ಪ್ಯಾರಾ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಮೊದಲೇ ಟೈಪಾಗಿ ಕುಳಿತಿರುತ್ತದೆ. ಹೆಸರು ಬದಲಿಸಿ ಮುದ್ರಿಸುವುದಷ್ಟೇ ಕೆಲಸ. ನ್ಯಾಯಾಧೀಶರೂ ಅದನ್ನು ನೂರಾರು ಬಾರಿ ಓದಿರುತ್ತಾರೆ.

ಎರಡನೆಯದು: "ಫೆಬ್ರವರಿ 10ರಂದು ವಕೀಲರ ಕಚೇರಿಗೆ ಹೋದಾಗ ಅಪೀಲು ಬಾಕಿಯಿದೆ ಎಂದು ಗುಮಾಸ್ತರು ತಿಳಿಸಿದರು. ಜೂನ್ 3 ಮತ್ತು ಆಗಸ್ಟ್ 21ರಂದು ವಾಟ್ಸ್‌ಆಪ್‌ನಲ್ಲಿ ಕೇಳಿದ್ದಕ್ಕೆ 'ತಾರೀಖು ಬಂದಾಗ ಹೇಳುತ್ತೇನೆ' ಎಂಬ ಉತ್ತರ ಬಂತು, ಪ್ರತಿಯನ್ನು ಲಗತ್ತಿಸಿದೆ. ಅಕ್ಟೋಬರ್ 6ರಂದು ಬಂಟ್ವಾಳ ನ್ಯಾಯಾಲಯದಿಂದ ಅಮಲ್ಜಾರಿ ಅರ್ಜಿಯ (ತೀರ್ಪನ್ನು ಜಾರಿಗೊಳಿಸಲು ಕೋರುವ ಅರ್ಜಿಯ) ನೋಟಿಸು ಬಂದಾಗಲೇ ಅಪೀಲು ವಜಾ ಆಗಿರುವುದು ತಿಳಿಯಿತು. ಅಕ್ಟೋಬರ್ 8ರಂದು ನಕಲಿಗೆ ಅರ್ಜಿ ಹಾಕಿದೆ, 17ರಂದು ನಕಲು ಸಿಕ್ಕಿತು, 22ರಂದು ಈ ಅರ್ಜಿ ಸಲ್ಲಿಸಿದ್ದೇನೆ." ತಪ್ಪು ಎರಡರಲ್ಲೂ ಒಂದೇ. ಆದರೆ ಎರಡನೆಯದನ್ನು ಓದಿದ ನ್ಯಾಯಾಧೀಶರು ಆ ಮನುಷ್ಯ ಮಲಗಿರಲಿಲ್ಲ ಎಂಬುದನ್ನು ಕಾಣುತ್ತಾರೆ.

ನನಗೆ ತಿಳಿದ ದಿನದಿಂದ 30 ದಿನ ತಾನೇ ಲೆಕ್ಕ?

ಅಲ್ಲ. ಕಾಲಮಿತಿ ಕಾಯ್ದೆ 1963ರ ಅನುಚ್ಛೇದ 122ರ ಪ್ರಕಾರ ಗೈರುಹಾಜರಿಗಾಗಿ ವಜಾ ಆದ ದಾವೆ ಅಥವಾ ಮೇಲ್ಮನವಿಯ ಮರುದಾಖಲಿಗೆ 30 ದಿನಗಳು, ಮತ್ತು ಅವು ವಜಾ ಆದ ದಿನದಿಂದಲೇ ಓಡತೊಡಗುತ್ತವೆ. ತಿಳಿದ ದಿನದ ಲೆಕ್ಕ ಇರುವುದು ಪಕ್ಕದ ಅನುಚ್ಛೇದ 123ರಲ್ಲಿ; ಅದು ನೋಟಿಸು ಸರಿಯಾಗಿ ಜಾರಿಯಾಗದೆ ಏಕಪಕ್ಷೀಯ ಡಿಕ್ರಿಗೆ (ಒಂದೇ ಕಡೆಯವರನ್ನು ಕೇಳಿ ಹಕ್ಕನ್ನು ತೀರ್ಮಾನಿಸಿದ ನ್ಯಾಯಾಲಯದ ನಿರ್ಣಯಕ್ಕೆ) ಒಳಗಾದವರಿಗೆ. ಈ ಎರಡನ್ನೂ ಕಲಸಿಕೊಂಡು "ನಮಗೆ ಗೊತ್ತಾಗಿ ಇಪ್ಪತ್ತೇ ದಿನ, ಅವಧಿಯೊಳಗೇ ಇದ್ದೇವೆ" ಎಂದು ವಿಳಂಬ ಮನ್ನಾ ಅರ್ಜಿಯನ್ನೇ ಹಾಕದೆ ಬಂದವರನ್ನು ನೋಡಿದ್ದೇನೆ. 30 ದಿನ ದಾಟಿದ್ದರೆ ಕಾಲಮಿತಿ ಕಾಯ್ದೆಯ 5ನೇ ಕಲಮಿನ ಅಡಿ ಪ್ರತ್ಯೇಕ ಅರ್ಜಿ ಬೇಕು. ನಿಮಗೆ ತಿಳಿದದ್ದು ಯಾವಾಗ ಎಂಬುದು ಆ ಅರ್ಜಿಯಲ್ಲಿ ಕಾರಣವಾಗಿ ಬರುತ್ತದೆ, ದಿನದ ಎಣಿಕೆಯನ್ನು ಬದಲಿಸುವುದಿಲ್ಲ. ಕೊನೆಯ ದಿನ ನ್ಯಾಯಾಲಯಕ್ಕೆ ರಜೆಯಿದ್ದರೆ ತೆರೆದ ದಿನ ಸಲ್ಲಿಸಬಹುದು.

ವಿಳಂಬ ಎಷ್ಟಾದರೆ ಮನ್ನಾ ಆಗುವುದಿಲ್ಲ?

ಅಂಕಿಯಲ್ಲಿ ಗೆರೆ ಎಳೆದವರಿಲ್ಲ. 1998ರ ಎನ್. ಬಾಲಕೃಷ್ಣನ್ ಪ್ರಕರಣದಲ್ಲಿ ವಕೀಲರು ಕೈಕೊಟ್ಟಿದ್ದರಿಂದ ಆದ 883 ದಿನಗಳ ವಿಳಂಬವನ್ನು ಸುಪ್ರೀಂ ಕೋರ್ಟು ಮನ್ನಾ ಮಾಡಿತು. ವಿಳಂಬದ ಉದ್ದಕ್ಕಿಂತ ವಿವರಣೆ ಒಪ್ಪುವಂತಿದೆಯೇ ಎಂಬುದು ಮುಖ್ಯ ಎಂದಿತು. ನಮ್ಮದೇ ರಾಜ್ಯದಿಂದ ಹೋದ 2013ರ ಬಸವರಾಜ್ ಪ್ರಕರಣದಲ್ಲಿ, ಭೂಸ್ವಾಧೀನದ ಪರಿಹಾರ ಹೆಚ್ಚಿಸಲು ಕೇಳಿದ ಅಪೀಲಿನ ಐದೂವರೆ ವರ್ಷಗಳ ವಿಳಂಬ ಮನ್ನಾ ಆಗಲಿಲ್ಲ. 2024ರ ಪಾತಪಾಟಿ ಸುಬ್ಬಾ ರೆಡ್ಡಿ ಪ್ರಕರಣದಲ್ಲಿ 5659 ದಿನಗಳ ವಿಳಂಬಕ್ಕೂ ಅದೇ ಗತಿಯಾಯಿತು.

1987ರಲ್ಲಿ ಕತಿಜಿ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟು, ಪ್ರತಿ ದಿನದ ವಿಳಂಬಕ್ಕೂ ಲೆಕ್ಕ ಕೊಡಬೇಕೆಂದರೆ ಪ್ರತಿ ಗಂಟೆ, ಪ್ರತಿ ಸೆಕೆಂಡಿಗೆ ಏಕೆ ಬೇಡ ಎಂದು ಕೇಳಿತ್ತು. ಆ ಮಾತು ರದ್ದಾಗಿಲ್ಲ. ಆದರೆ ಹವೆ ಬದಲಾಗಿದೆ, ಮತ್ತು ಅದು ಸರ್ಕಾರಿ ಸಂಸ್ಥೆಗಳಿಗೂ ತಟ್ಟಿದೆ. ಕರ್ನಾಟಕ ಗೃಹ ಮಂಡಳಿಯ 3966 ದಿನಗಳ ವಿಳಂಬವನ್ನು ನಮ್ಮ ಹೈಕೋರ್ಟು ಮನ್ನಿಸಿದ್ದನ್ನು 2025ರ ಸೆಪ್ಟೆಂಬರ್‌ನಲ್ಲಿ ಶಿವಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಿತು. ಸರ್ಕಾರಕ್ಕೆ ಸಿಗುವ ರಿಯಾಯಿತಿ ನಮಗೇಕಿಲ್ಲ ಎಂದು ವಾದಿಸುತ್ತಿದ್ದವರ ಕೈಯಿಂದ ಆ ವಾದವೂ ಜಾರಿತು. ಇದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಹನ್ನೊಂದು ವರ್ಷ ಸುಮ್ಮನಿದ್ದವರು ಎದುರು ಮನೆಯವರ ನೆಮ್ಮದಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಾನು ಅಪೀಲು ಕೊಟ್ಟದ್ದು ಮಂಗಳೂರಿನ ವಕೀಲರ ಕೈಗೆ. ಬೆಂಗಳೂರಿನಲ್ಲಿ ಹಾಜರಾಗಬೇಕಿದ್ದವರು ಯಾರೆಂದೇ ನನಗೆ ಗೊತ್ತಿಲ್ಲ. ಇದು ಕಾರಣವಾಗುತ್ತದೆಯೇ?

ಕರಾವಳಿಯ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಅಪೀಲುಗಳು ಹೋಗುವುದು ಹೈಕೋರ್ಟಿನ ಬೆಂಗಳೂರಿನ ಪ್ರಧಾನ ಪೀಠಕ್ಕೆ. ಧಾರವಾಡ, ಕಲಬುರಗಿಯ ಪೀಠಗಳ ವ್ಯಾಪ್ತಿ ನಮಗೆ ಬಾರದು. ಘಟ್ಟ ಹತ್ತಿ ರಾತ್ರಿ ಬಸ್ಸಿನಲ್ಲಿ ಹೋಗಿ, ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಕುಳಿತು, ಹೆಸರು ಕರೆಯದೆ ಸಂಜೆಯ ಬಸ್ಸು ಹಿಡಿಯುವ ತಾಳ್ಮೆ ಎಷ್ಟು ಮಂದಿಗಿದ್ದೀತು? ಹಾಗಾಗಿ ಇಲ್ಲಿನ ವಕೀಲರು ಕಾಗದ ಸಿದ್ಧಪಡಿಸಿ ಅಲ್ಲಿನ ವಕೀಲರಿಗೆ ಕಳುಹಿಸುವುದು ರೂಢಿ. ವಕಾಲತ್ತಿಗೆ ಕಕ್ಷಿದಾರ ಪುತ್ತೂರಿನಲ್ಲೋ ಕುಂದಾಪುರದಲ್ಲೋ ಸಹಿ ಹಾಕುತ್ತಾನೆ, ವಕೀಲರ ಹೆಸರಿನ ಜಾಗ ಆಗ ಖಾಲಿಯಿರುತ್ತದೆ. ಆಫೀಸು ಆಕ್ಷೇಪಣೆಯ ಸಂದೇಶ ಬೆಂಗಳೂರಿನ ಜೂನಿಯರ್‌ಗೆ, ಅವರಿಂದ ಇಲ್ಲಿನ ಗುಮಾಸ್ತರಿಗೆ, ಅವರಿಂದ ಕಕ್ಷಿದಾರನಿಗೆ ಬರಬೇಕು. ಇವರಲ್ಲಿ ಒಬ್ಬರು ಕೆಲಸ ಬಿಟ್ಟರೂ ಸರಪಳಿ ತುಂಡಾಗುತ್ತದೆ.

ನ್ಯಾಯಾಲಯ ಇದನ್ನು ಅರ್ಥಮಾಡಿಕೊಳ್ಳುತ್ತದೆ, ಆದರೆ ಸರಪಳಿ ಎಲ್ಲಿ ತುಂಡಾಯಿತು ಎಂದು ತೋರಿಸಿದರೆ ಮಾತ್ರ. "ಬೆಂಗಳೂರಿನ ವಕೀಲರು ತಿಳಿಸಲಿಲ್ಲ" ಎಂಬುದಕ್ಕಿಂತ, ಇಲ್ಲಿನ ವಕೀಲರು ತಮ್ಮದೇ ಅಫಿಡವಿಟ್‌ನಲ್ಲಿ "ಆಕ್ಷೇಪಣೆಯ ಇಮೇಲ್ ಇಂಥ ದಿನ ಬಂದಿತ್ತು, ನಮ್ಮ ಕಚೇರಿಯಲ್ಲಿ ಗಮನಕ್ಕೆ ಬರಲಿಲ್ಲ" ಎಂದು ಒಪ್ಪಿಕೊಂಡರೆ ತೂಕ ಹೆಚ್ಚು. ಹಾಗೆ ಬರೆದುಕೊಡುವ ವಕೀಲರು ಇದ್ದಾರೆ. ಕೊಡಲು ಹಿಂಜರಿಯುವವರೂ ಇದ್ದಾರೆ. ಆ ಅಫಿಡವಿಟ್ ಇಲ್ಲದಿದ್ದರೆ ಅರ್ಜಿ ನಿಲ್ಲುವುದೇ ಇಲ್ಲ ಎಂದೇನಿಲ್ಲ.

ನಾನು ಮಸ್ಕತ್‌ನಲ್ಲಿದ್ದೆ. ಅದು ಸಾಕಷ್ಟು ಕಾರಣವಲ್ಲವೇ?

ಹಿಂದೆ ಇದಕ್ಕೆ ಬೆಲೆಯಿತ್ತು. ಈಗ ಕೇಸಿನ ಸ್ಥಿತಿ ಫೋನಿನಲ್ಲೇ ಕಾಣುವುದರಿಂದ ದೂರದ ನೆಪ ಒಂದೇ ನಿಲ್ಲುವುದಿಲ್ಲ. ಊರಿನಲ್ಲಿ ಯಾರಿಗಾದರೂ ಅಧಿಕಾರಪತ್ರ ಕೊಟ್ಟಿದ್ದಿರೇ, ಅವರು ವಿಚಾರಿಸುತ್ತಿದ್ದರೇ ಎಂದು ಕೇಳುತ್ತಾರೆ. ಕೊಟ್ಟಿದ್ದರೆ ಅವರ ಅಫಿಡವಿಟ್ ಕೂಡ ಹಾಕಿಸಿ.

ವಕೀಲರೇ ತೀರಿಕೊಂಡಿದ್ದರು.

ಒಳ್ಳೆಯ ಕಾರಣ. ಮರಣ ಪ್ರಮಾಣಪತ್ರದ ಪ್ರತಿ ಹಾಕಿ, ನಿಮಗೆ ಆ ಸುದ್ದಿ ತಿಳಿದದ್ದು ಯಾವಾಗ ಎಂಬುದನ್ನು ಪ್ರಾಮಾಣಿಕವಾಗಿ ಬರೆಯಿರಿ. ಉತ್ತರಕ್ರಿಯೆಗೆ ನೀವೇ ಹೋಗಿದ್ದಿರೆಂದು ಎದುರು ಪಾರ್ಟಿಗೆ ಗೊತ್ತಿದ್ದರೆ ಅವರು ಅದನ್ನು ಹೇಳದೆ ಬಿಡುವುದಿಲ್ಲ. ನಮ್ಮ ಊರುಗಳು ಅಷ್ಟು ಚಿಕ್ಕವು.

ಹಳೆಯ ವಕೀಲರು ಫೈಲು ಕೊಡುತ್ತಿಲ್ಲ, ಬಾಕಿ ಫೀಸು ಕೇಳುತ್ತಿದ್ದಾರೆ. ಏನು ಮಾಡಲಿ?

ಫೀಸಿನ ಬಾಕಿಗಾಗಿ ಕಕ್ಷಿದಾರನ ಕಾಗದಪತ್ರಗಳನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ ಎಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಬಾಕಿಯಿದ್ದರೆ ಅದನ್ನು ವಸೂಲು ಮಾಡಲು ಅವರಿಗೆ ಬೇರೆ ದಾರಿಯಿದೆ. ಆದರೆ ಫೈಲಿಗಾಗಿ ಜಗಳವಾಡುತ್ತ 30 ದಿನ ಕಳೆಯಬೇಡಿ. ಆದೇಶದ ದೃಢೀಕೃತ ನಕಲಿಗೆ ನೀವೇ ನೇರವಾಗಿ ಅರ್ಜಿ ಹಾಕಬಹುದು, ಮರುದಾಖಲು ಅರ್ಜಿ ಬರೆಯಲು ಅಷ್ಟು ಸಾಕಾಗುತ್ತದೆ.

ಮರುದಾಖಲು ಅರ್ಜಿಯೂ ತಿರಸ್ಕೃತವಾದರೆ?

ಗೈರುಹಾಜರಿಯ ವಜಾ ಆದೇಶವು ಸಂಹಿತೆಯ 2ನೇ ಕಲಮಿನ ಪ್ರಕಾರ ಡಿಕ್ರಿ ಅಲ್ಲ. ಹಾಗಾಗಿ ಅದರ ವಿರುದ್ಧ ಎರಡನೇ ಮೇಲ್ಮನವಿ ಹೋಗುವುದಿಲ್ಲ. ಆದರೆ ಮರುದಾಖಲು ನಿರಾಕರಿಸಿದ ಆದೇಶದ ವಿರುದ್ಧ ಆದೇಶ 43, ನಿಯಮ 1ರ ಅಡಿ ಮೇಲ್ಮನವಿಗೆ ಅವಕಾಶವಿದೆ. ಜಿಲ್ಲೆಯ ಮೇಲ್ಮನವಿ ನ್ಯಾಯಾಲಯ ನಿರಾಕರಿಸಿದ್ದರೆ ಹೈಕೋರ್ಟಿಗೆ ಹೋಗಬಹುದು. ಹೈಕೋರ್ಟೇ ನಿರಾಕರಿಸಿದ್ದರೆ ಉಳಿಯುವುದು ಸಂವಿಧಾನದ 136ನೇ ವಿಧಿಯ ಅಡಿ ಸುಪ್ರೀಂ ಕೋರ್ಟಿನ ವಿಶೇಷ ಅನುಮತಿ ಅರ್ಜಿ. ಅದರ ಖರ್ಚನ್ನು ಹದಿನೈದು ಸೆಂಟ್ಸ್ ಜಾಗದ ಬೆಲೆಯೊಂದಿಗೆ ತೂಗಿ ನೋಡಿ ಹೊರಡುವುದು ಲೇಸು.

ಇಷ್ಟರಲ್ಲಿ ಎದುರು ಪಾರ್ಟಿ ಜಾಗದ ಸ್ವಾಧೀನಕ್ಕೆ ಬಂದರೆ?

ಅಪೀಲು ವಜಾ ಆದೊಡನೆ ಅದರಲ್ಲಿದ್ದ ತಡೆಯಾಜ್ಞೆಯ ಆಸರೆಯೂ ತಪ್ಪುತ್ತದೆ. ಡಿಕ್ರಿ ಪಡೆದವರು ಅಮಲ್ಜಾರಿಗೆ ಹೋಗಲು ಅಡ್ಡಿಯಿಲ್ಲ. ಮರುದಾಖಲು ಅರ್ಜಿಯ ಜೊತೆಗೇ ಅಮಲ್ಜಾರಿಗೆ ತಡೆ ಕೋರಿ ಇನ್ನೊಂದು ಅರ್ಜಿ ಹಾಕಿ. ಮರುದಾಖಲು ಮಂಜೂರಾದ ದಿನ ಹಳೆಯ ತಡೆಯಾಜ್ಞೆ ಮುಂದುವರಿಯುತ್ತದೆ ಎಂದು ಆದೇಶದಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ; ತಾನಾಗಿ ಮರಳುತ್ತದೆ ಎಂಬ ನೆಚ್ಚಿಕೆಯಲ್ಲಿ ಕೂರಬೇಡಿ. ಖರ್ಚು ಕಟ್ಟಬೇಕೆಂಬ ಷರತ್ತು ವಿಧಿಸಿದ್ದರೆ ಹೇಳಿದ ದಿನದೊಳಗೆ ಕಟ್ಟಿ ರಸೀದಿ ಹಾಕಿಸಿ. ಆ ಗಡುವು ತಪ್ಪಿ ಗೆದ್ದ ಅರ್ಜಿಯೂ ನಿಷ್ಫಲವಾದದ್ದುಂಟು.

ಕ್ರಿಮಿನಲ್ ಅಪೀಲಿಗೂ ಇದೇ ನಿಯಮವೇ?

ಅಲ್ಲ. ಶಿಕ್ಷೆಯ ವಿರುದ್ಧದ ಅಪೀಲನ್ನು ವಿಚಾರಣೆಗೆ ಅಂಗೀಕರಿಸಿದ ಮೇಲೆ ವಕೀಲರು ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ವಜಾ ಮಾಡುವಂತಿಲ್ಲ ಎಂದು 1996ರ ಬಾನಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇದಕ್ಕೆ ಇನ್ನೊಂದು ಮಗ್ಗುಲಿದೆ: ನ್ಯಾಯಾಲಯ ದಾಖಲೆ ಓದಿ ಗುಣಾವಗುಣಗಳ ಮೇಲೆಯೇ ತೀರ್ಮಾನಿಸಬಹುದು, ಬೇಕೆನಿಸಿದರೆ ಬೇರೆ ವಕೀಲರನ್ನು ನೇಮಿಸಬಹುದು. ಕರ್ನಾಟಕದ್ದೇ ಆದ 2013ರ ಕೆ.ಎಸ್. ಪಾಂಡುರಂಗ ಪ್ರಕರಣದಲ್ಲೂ ಇದನ್ನೇ ಪುನರುಚ್ಚರಿಸಲಾಯಿತು. ಹೀಗಾಗಿ ಸಿವಿಲ್‌ನಲ್ಲಿ ವಕೀಲರು ಬಾರದಿದ್ದರೆ ತೀರ್ಪಿಲ್ಲದೆ ಅಪೀಲು ಹೋಗುತ್ತದೆ, ಕ್ರಿಮಿನಲ್‌ನಲ್ಲಿ ವಾದವಿಲ್ಲದೆ ತೀರ್ಪು ಬರಬಹುದು.

ವಕೀಲರ ಮೇಲೆ ಪರಿಹಾರಕ್ಕೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದೇ?

ಮೇಲೆ ಹೇಳಿದ ಬಾಲಕೃಷ್ಣನ್ ಪ್ರಕರಣದ ಕಕ್ಷಿದಾರ ಹಾಗೆ ಹೋಗಿ 50,000 ರೂಪಾಯಿ ಪರಿಹಾರದ ಆದೇಶ ಪಡೆದಿದ್ದರು; ಆತ ಸುಮ್ಮನೆ ಕೂತಿರಲಿಲ್ಲ ಎಂಬುದಕ್ಕೆ ಅದೂ ಸಾಕ್ಷಿಯಂತಾಯಿತು. ಆ ಬಾಗಿಲು ಈಗ ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಉಳಿದಿರುವುದು ಸಾಮಾನ್ಯ ಸಿವಿಲ್ ದಾವೆ, ಮತ್ತು ವಕೀಲರ ಕಾಯ್ದೆ 1961ರ 35ನೇ ಕಲಮಿನ ಅಡಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ವೃತ್ತಿ ದುರ್ನಡತೆಯ ದೂರು. ದೂರಿನಿಂದ ಅಪೀಲು ತಾನಾಗಿ ಮರಳುವುದಿಲ್ಲ. ಹಾಗೆಂದು, ಅಫಿಡವಿಟ್‌ನಲ್ಲಿ ವಕೀಲರ ಮೇಲೆ ಗಂಭೀರ ಆರೋಪ ಹೊರಿಸಿ ಹೊರಗೆ ಒಂದು ಪತ್ರವನ್ನೂ ಬರೆಯದಿದ್ದರೆ ನ್ಯಾಯಾಧೀಶರಿಗೆ ಆ ಆರೋಪದ ಮೇಲೆಯೇ ಅನುಮಾನ ಹುಟ್ಟುತ್ತದೆ.

ಹೊಸ ವಕೀಲರಿಗೆ ಕೊಡಲು ಹಣವಿಲ್ಲ.

ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಿಗೆ ಆದಾಯ ಮಿತಿಯಿದೆ. ಮಂಗಳೂರು, ಉಡುಪಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ.

ವಜಾ ಆಗಿದೆಯೆಂದು ಈಗಷ್ಟೇ ತಿಳಿಯಿತು. ಇವತ್ತು ಏನು ಮಾಡಲಿ?

ಹಳೆಯ ವಕೀಲರಿಗೆ ಫೋನಿನಲ್ಲಿ ಕೂಗಾಡುವ ಮೊದಲು ಫೋನಿನಲ್ಲಿರುವುದನ್ನು ಉಳಿಸಿಕೊಳ್ಳಿ: ಅವರಿಗೆ ಕಳುಹಿಸಿದ ಸಂದೇಶಗಳು, ಕರೆಗಳ ಪಟ್ಟಿ, ಹಣ ಕಳುಹಿಸಿದ ಗೂಗಲ್ ಪೇ ದಾಖಲೆ. ಇ-ಕೋರ್ಟ್ಸ್ ಆಪ್‌ನಲ್ಲಿ ಪ್ರತಿ ಕೇಸಿಗೂ ಪ್ರತ್ಯೇಕವಾಗಿ ಕೊಡುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಕೇಸಿನ ಪ್ರತಿ ವಾಯಿದೆಯ ದಿನಾಂಕ ಕಾಣುತ್ತದೆ. ಸಂಖ್ಯೆ ಗೊತ್ತಿಲ್ಲದಿದ್ದರೆ ಪಕ್ಷಕಾರರ ಹೆಸರಿನಿಂದ ಹುಡುಕಬಹುದು, ಆದರೆ ನಮ್ಮ ಕಡೆ ಒಂದೇ ಹೆಸರನ್ನು ಶೆಟ್ಟಿ ಎಂದೊಮ್ಮೆ ಹೆಗ್ಡೆ ಎಂದೊಮ್ಮೆ, ಇಂಗ್ಲಿಷ್ ಕಾಗುಣಿತವನ್ನು ಮೂರು ಬಗೆಯಲ್ಲಿ ದಾಖಲಿಸಿರುತ್ತಾರಾದ್ದರಿಂದ ಒಂದೆರಡು ರೀತಿ ಪ್ರಯತ್ನಿಸಿ. ತೆರೆಯ ಮೇಲೆ "ವಜಾ" ಎಂಬ ಸಾಲು ಕಂಡಾಗ ಸ್ಕ್ರೀನ್‌ಶಾಟ್ ತೆಗೆದಿಡಿ. ನಾಳೆ ಬೆಳಿಗ್ಗೆ ನಕಲು ಶಾಖೆ ತೆರೆಯುತ್ತಲೇ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟು, ದಿನಾಂಕವಿರುವ ಸ್ವೀಕೃತಿಯನ್ನು ಪಡೆದು, ಅದನ್ನೂ ಆ ಚೀಲಕ್ಕೇ ಸೇರಿಸಿಕೊಂಡು ಹೊಸ ವಕೀಲರ ಬಳಿಗೆ ಹೋಗಿ.